ನೀರೊಲ್ಲದ ಮೈಗೆ ನೀರಿನ ನಂಟು

ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆಂಬುದನ್ನು ನಮ್ಮ ಸೀಮೆಯ ಮಕ್ಕಳೂ ಬಲ್ಲರು. ಅದನ್ನು ವಿರಕ್ತನ ಮನಸ್ಸಿಗೆ ಹೋಲಿಸಿ ನಾನು ಮೂವತ್ತು ವರ್ಷ ಪಾಠ ಹೇಳಿದ್ದುಂಟು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗನಿಗೆ ಈ ವೈರಾಗ್ಯವು ಬಲು ತೊಡಕಿನದು. ಎಳೆಯಡಿಕೆಯ ಮೈಯೂ ಮೇಣ ಸವರಿದಂತೆ ನುಣುಪು. ಮಳೆಯ ಬಿಡುವು ನೋಡಿ ಕೊನೆಗಾರನು ಮರವೇರಿ ಹೊಡೆದ ಔಷಧಿಯು ಹನಿಹನಿಯಾಗಿ ಜಾರಿಹೋದರೆ, ಕೊಳೆರೋಗಕ್ಕೆ ವರ್ಷದ ಅನ್ನವೇ ಉದುರಿತೆಂದು ತಿಳಿಯಬೇಕು.

ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಈ ರೋಗವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಬೋರ್ಡೋ ದ್ರಾವಣವು ಇಂದಿಗೂ ನಮಗೆ ಆಸರೆ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ರಾಳವನ್ನು ಸೋಡಾದೊಡನೆ ಕುದಿಸಿ ಇದಕ್ಕೆ ಬೆರೆಸುವ ಪದ್ಧತಿಯೂ ಉಂಟು. ಅದು ಮದ್ದನ್ನು ಕಾಯಿಯ ಮೈಗೆ ಅಂಟಿಸಿ ಹಿಡಿಯುವುದು.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗನಿಗೂ ಇದೇ ತೊಡಕೆಂದು ಕೇಳಿ ಬೆರಗಾದೆನು. ಒಂದು ಹನಿ ರಕ್ತದಿಂದ ರೋಗ ಪರೀಕ್ಷಿಸುವ, ಅಂಗೈಯಲ್ಲಿ ಅಡಗುವ ಚಿಪ್ಪನ್ನು ಅವನು ಮಾಡುವನು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆಯಿಂದ ಪ್ರಾಣಹಾನಿಯಾದುದನ್ನು ಕಂಡ ನಮಗೆ ಅಂತಹ ಸಾಧನದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಲಿಕೋನ್ ಜಾತಿಯ ಪಾಲಿಮರಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವುವು. ಆದರೆ ಹನಿಯು ಬಾಯಲ್ಲೇ ಮುನಿದು ನಿಲ್ಲುವುದು. ಆ ಮೈಯೊಡನೆ ನೀರಿನ ಅಂಚು ಮಾಡುವ ಕೋನ ಸುಮಾರು 110 ಡಿಗ್ರಿ. 90ನ್ನು ಮೀರಿದರೆ ನೀರು ತಾನಾಗಿ ಒಳಹೋಗದು.

ಆದುದರಿಂದ ಕಡಿಮೆ ಒತ್ತಡದ ಆಮ್ಲಜನಕದಲ್ಲಿ ವಿದ್ಯುತ್ತನ್ನು ಹಾಯಿಸಿ, ಹೊಳೆಯುವ ಆ ಪ್ಲಾಸ್ಮಾದೊಳಗೆ ಚಿಪ್ಪನ್ನು ನಿಮಿಷಮಾತ್ರ ಇಡುವರು. ಮೇಲ್ಮೈಯ ಮೀಥೈಲ್ ಗುಂಪುಗಳು ತೊಲಗಿ, ನೀರಿಗೆ ಕೈ ನೀಡುವ ಹೈಡ್ರಾಕ್ಸಿಲ್ ಗುಂಪುಗಳು ಮೂಡುವುವು. ಹನಿಯು ಕೂಡಲೆ ಹರಡಿ ಒಳನುಗ್ಗುವುದು. ಹುಡುಗನು ಇದನ್ನು ‘ಜಲಸ್ನೇಹಿ’ ಎನ್ನುವನು. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದಷ್ಟೆ! ನೀರನ್ನು ದೂಡುವ ಎಣ್ಣೆಯ ಹೆಸರಿಗಿಂತ ‘ಜಲಪ್ರಿಯ’ವೇ ಲೇಸೆಂದು ನನ್ನ ಮತ, ಅವನು ನಕ್ಕು ಸುಮ್ಮನಾದನು.

ಈ ಒಲವು ಬಹುಕಾಲ ಬಾಳದು. ಒಳಗಿನ ಸಣ್ಣ ಅಣುಸರಣಿಗಳು ಮೆಲ್ಲನೆ ಮೇಲೆ ಬಂದು, ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಮೈ ಮತ್ತೆ ನೀರೊಲ್ಲದಾಗುವುದು. ನಾವೂ ಬೋರ್ಡೋವನ್ನು 40–45 ದಿನಕ್ಕೆ ಮರಳಿ ಹೊಡೆಯುವೆವಷ್ಟೆ. ಚಿಪ್ಪನ್ನು ನೀರಿನಲ್ಲಿಯೇ ಮುಳುಗಿಸಿಟ್ಟರೆ ಗುಣವು ಹೆಚ್ಚು ದಿನ ಉಳಿಯುವುದಂತೆ. ಹಳ್ಳಿಯ ಆಸ್ಪತ್ರೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಒಣಗಿ ಕೂರಬೇಕಾದ ಚಿಪ್ಪಿಗೆ ಏನು ಮಾಡುವಿರೆಂದು ಕೇಳಿದೆನು. ಅದನ್ನೇ ಈಗ ಹುಡುಕುತ್ತಿರುವುದು, ದೊಡ್ಡಪ್ಪ, ಎಂದನು.