ಅಂಕ ಬೇರೆ, ಬಿಕರಿ ಬೇರೆ

ನಾಳೆಯ ಮಾತನ್ನು ಇಂದೇ ಆಡಿಬಿಡಬೇಕೆಂಬ ಚಪಲ ಮನುಷ್ಯನಿಗೆ ಹಸಿವಿನಷ್ಟೇ ಹಳೆಯದು. ಹಲ್ಲಿ ಲೊಚಗುಟ್ಟಿದರೆ ಅವನು ಅರ್ಥ ಹುಡುಕುತ್ತಾನೆ. ಯುಗಾದಿಯ ದಿನ ಪಂಚಾಂಗ ಬಿಚ್ಚಿ ಮಳೆ ಎಷ್ಟು, ಬೆಳೆ ಎಷ್ಟು ಎಂದು ಲೆಕ್ಕ ಕೇಳುತ್ತಾನೆ. ಹೇಳಿದ್ದು ನಿಜವಾದರೆ ಊರೆಲ್ಲ ಡಂಗುರ ಹೊಡೆಯುತ್ತಾನೆ. ಸುಳ್ಳಾದರೆ ಹಾಗೆಂದು ತಾನು ಹೇಳಿಯೇ ಇರಲಿಲ್ಲವೆನ್ನುತ್ತಾನೆ. ಈ ವಿದ್ಯೆಯಲ್ಲಿ ಪಂಡಿತರಿಲ್ಲದ ಊರು ಕರ್ನಾಟಕದಲ್ಲಿ ಇರಲಾರದು. ಆದರೆ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಲ್ಲಿ ಈ ಪಂಡಿತರದು ಎರಡು ಪೀಠ. ಒಂದು ಹಿರಿಯರದು, ಅದರ ಶಾಸ್ತ್ರ ತಿಪಟೂರಿನ ಕೊಬ್ಬರಿಯ ಧಾರಣೆ. ಇನ್ನೊಂದು ಕಿರಿಯರದು, ಅದರ ಶಾಸ್ತ್ರವನ್ನು ಕೇಳಿದರೆ ಹಿರಿಯರ ಪೀಠದವರು ಮೊದಲು ನಗುತ್ತಾರೆ, ಆಮೇಲೆ ಬೇಸರಪಡುತ್ತಾರೆ.

ಕಿರಿಯರ ಶಾಸ್ತ್ರವೆಂದರೆ ಕಾರು ಓಡಿಸುವ ವಿಡಿಯೋ ಆಟಗಳ ಭವಿಷ್ಯ. ಜಪಾನಿನಲ್ಲೋ ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಇಂಥ ಒಂದು ಆಟ ಸಿದ್ಧವಾಗುತ್ತಿದೆಯೆಂಬ ಸುದ್ದಿ ಬರುತ್ತದೆ. ಬಿಡುಗಡೆಗೆ ಇನ್ನೂ ತಿಂಗಳುಗಳಿವೆ. ಅಷ್ಟರಲ್ಲೇ ಇಲ್ಲಿ, ತೆಂಗಿನ ಗರಿಗಳ ನೆರಳಿನಲ್ಲಿ ಕುಳಿತ ಇಬ್ಬರು ಹುಡುಗರು, ಅದಕ್ಕೆ ವಿಮರ್ಶಕರು ನೂರಕ್ಕೆ ಎಷ್ಟು ಅಂಕ ಕೊಡುವರು, ಅದು ಎಷ್ಟು ಲಕ್ಷ ಪ್ರತಿ ಮಾರಾಟವಾಗುವುದು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ಒಬ್ಬ ತುಮಕೂರಿನಲ್ಲಿ ಪದವಿಗೆ ಓದುವವನು. ಮತ್ತೊಬ್ಬ ಊರಿನಲ್ಲೇ ಮೊಬೈಲ್ ರಿಪೇರಿಯ ಅಂಗಡಿ ಇಟ್ಟವನು. ಓದುವವನು ಸೋನಿ ಕಂಪನಿಯ ಗ್ರ್ಯಾನ್ ಟ್ಯುರಿಸ್ಮೊ ಪಕ್ಷ. ಅಂಗಡಿಯವನು ಮೈಕ್ರೋಸಾಫ್ಟಿನ ಫೋರ್ಜಾ ಪಕ್ಷ. ಸ್ವಾರಸ್ಯವೇನೆಂದರೆ, ಈ ಎರಡು ಆಟಗಳನ್ನು ಆಡುವ ಯಂತ್ರ ಇಬ್ಬರಲ್ಲಿ ಯಾರ ಮನೆಯಲ್ಲಿಯೂ ಇಲ್ಲ. ಪರರು ಆಡಿದ್ದನ್ನು ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ನೋಡಿ ಇವರು ತೀರ್ಪು ಕೊಡುತ್ತಾರೆ. ಕಾಶಿಗೆ ಹೋಗದೆಯೂ ಕಾಶಿಯ ಗಲ್ಲಿಗಳನ್ನು ವರ್ಣಿಸುವ ಪುರಾಣಿಕರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರಷ್ಟೆ.

ಯಂತ್ರ ಏಕಿಲ್ಲವೆಂಬುದಕ್ಕೆ ಲೆಕ್ಕ ಸರಳವಾಗಿದೆ. ಸೋನಿಯ ಐದನೆಯ ಪ್ಲೇಸ್ಟೇಷನ್ 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. 2023ರಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಕ್ವಿಂಟಾಲು ಉಂಡೆ ಕೊಬ್ಬರಿಯ ಧಾರಣೆ 8,000 ರೂಪಾಯಿಯ ಆಸುಪಾಸಿಗೆ ಕುಸಿಯಿತು. ಎಂದರೆ ಆ ಒಂದು ಪೆಟ್ಟಿಗೆಗೆ ಆರು ಕ್ವಿಂಟಾಲಿಗೂ ಮೀರಿದ ಕೊಬ್ಬರಿ ಬೇಕು. ಉಂಡೆಯೊಂದಕ್ಕೆ ನೂರೈವತ್ತು ಗ್ರಾಂ ಎಂದು ಧಾರಾಳವಾಗಿ ಹಿಡಿದರೂ ನಾಲ್ಕು ಸಾವಿರಕ್ಕೂ ಹೆಚ್ಚು ಕಾಯಿ! ಈ ಲೆಕ್ಕವನ್ನು ಓದುವ ಹುಡುಗನೇ ಮಾಡಿ, ಆ ಆಸೆಯನ್ನು ಮಡಿಸಿ ಅಟ್ಟಕ್ಕೆ ಎಸೆದಿದ್ದನು.

ಅಂಕಗಳ ವಿಚಾರ ವಾಚಕರಲ್ಲಿ ಕೆಲವರಿಗೆ ಹೊಸದಾಗಿರಬಹುದು. ಆಟ ಬಿಡುಗಡೆಯಾಗುವ ವೇಳೆಗೆ ಪತ್ರಿಕೆಗಳು ಅದನ್ನು ಪರೀಕ್ಷಿಸಿ ಹತ್ತಕ್ಕೋ ನೂರಕ್ಕೋ ಅಂಕ ಕೊಡುತ್ತವೆ. 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ಸಂಸ್ಥೆ ಅವೆಲ್ಲವನ್ನೂ ಕೂಡಿಸಿ, ಒಂದೊಂದು ಪತ್ರಿಕೆಗೆ ಒಂದೊಂದು ತೂಕ ಕೊಟ್ಟು, ನೂರಕ್ಕೆ ಇಷ್ಟು ಎಂಬ ಒಂದೇ ಸಂಖ್ಯೆಗೆ ಇಳಿಸುತ್ತದೆ. ವರ್ಷಗಟ್ಟಲೆ ನೂರಾರು ಜನ ದುಡಿದ ಕೆಲಸ ಕೊನೆಗೆ ಎರಡು ಅಂಕಿಗಳಾಗಿ ನಿಲ್ಲುತ್ತದೆ. ಮರುಮೌಲ್ಯಮಾಪನ ಬಹುಮಟ್ಟಿಗೆ ಇಲ್ಲ. 2017ರ ಸೆಪ್ಟೆಂಬರ್ ಕೊನೆಯಿಂದ ನಾಲ್ಕು ವಾರದೊಳಗೆ ಮೂರು ದೊಡ್ಡ ಕಾರು ಆಟಗಳು ಒಟ್ಟೊಟ್ಟಿಗೆ ಬಂದವು: ಪ್ರಾಜೆಕ್ಟ್ ಕಾರ್ಸ್ 2, ಫೋರ್ಜಾ ಮೋಟಾರ್‌ಸ್ಪೋರ್ಟ್ 7, ಗ್ರ್ಯಾನ್ ಟ್ಯುರಿಸ್ಮೊ ಸ್ಪೋರ್ಟ್. ಫೋರ್ಜಾದಲ್ಲಿ ಏಳು ನೂರಕ್ಕೂ ಹೆಚ್ಚು ಕಾರುಗಳಿದ್ದವು. ಅದಕ್ಕೆ 86 ಅಂಕ ದೊರೆಯಿತು. ಗ್ರ್ಯಾನ್ ಟ್ಯುರಿಸ್ಮೊದಲ್ಲಿ ಕಾರುಗಳೂ ಕಡಿಮೆ, ಅಂತರ್ಜಾಲವಿಲ್ಲದೆ ಆಡಬಹುದಾದದ್ದೂ ಕಡಿಮೆ, ಅದಕ್ಕೆ 75. ಮುಂದಿನ ಎರಡು ಮೂರು ವರ್ಷಗಳಲ್ಲಿ ತಯಾರಕರು ಕಾರುಗಳನ್ನೂ ಓಟದ ದಾರಿಗಳನ್ನೂ ಉಚಿತವಾಗಿ ಸೇರಿಸುತ್ತ ಹೋದರು, ಆಟ ಬೆಳೆಯಿತು. ಅಂಕ ಮಾತ್ರ 75 ಆಗಿಯೇ ಉಳಿಯಿತು. ಮೊದಲ ದಿನ ಎಡವಿದ ವಿದ್ಯಾರ್ಥಿಯ ಅಂಕಪಟ್ಟಿಯಂತೆ ಅದು ಜನ್ಮಕ್ಕಂಟಿಕೊಂಡಿತು.

ಇನ್ನು ಬಿಕರಿಯ ಮಾತು. ಒಳ್ಳೆಯ ಸರಕಿಗೆ ಒಳ್ಳೆಯ ಬೆಲೆ ಎಂಬುದು ಗಾದೆಯಂತೆ ಕೇಳಲು ಹಿತವಾಗಿದೆ. ಆದರೆ ಹುಡುಗರ ನೋಟುಪುಸ್ತಕದ ಮೊದಲ ಪುಟದಲ್ಲೇ ಇದಕ್ಕೆ ವಿರೋಧವಾದ ಒಂದು ದೃಷ್ಟಾಂತವಿದೆ. 2010ರ ಮೇ ತಿಂಗಳಿನಲ್ಲಿ, ಒಂದೇ ವಾರದ ಅಂತರದಲ್ಲಿ, ಸ್ಪ್ಲಿಟ್ ಸೆಕೆಂಡ್ ಮತ್ತು ಬ್ಲರ್ ಎಂಬ ಎರಡು ಆಟಗಳು ಬಂದವು. ಮೊದಲನೆಯದು ಇಂಗ್ಲೆಂಡಿನ ಬ್ರೈಟನ್ನಿನ ಬ್ಲ್ಯಾಕ್ ರಾಕ್ ಸ್ಟುಡಿಯೋದ್ದು. ಎರಡನೆಯದು ಲಿವರ್‌ಪೂಲಿನ ಬಿಜಾರ್ ಕ್ರಿಯೇಷನ್ಸಿನದು. ವಿಮರ್ಶಕರು ಎರಡಕ್ಕೂ ಎಂಬತ್ತರ ಮೇಲೆ ಅಂಕ ಕೊಟ್ಟರು. ಆದರೆ ಅದೇ ವಾರದಲ್ಲಿ ಮಾಡ್‌ನೇಷನ್ ರೇಸರ್ಸ್ ಎಂಬ ಮೂರನೆಯ ಕಾರು ಆಟವೂ ಬಂದಿತು. ಎಲ್ಲಕ್ಕೂ ಮಿಗಿಲಾಗಿ, ಸ್ಪ್ಲಿಟ್ ಸೆಕೆಂಡ್ ಅಮೆರಿಕದ ಅಂಗಡಿಗೆ ಬಂದ ದಿನವೇ, ಮೇ 18ರಂದು, ಕುದುರೆ ಸವಾರರ ಕಥೆಯಾದ ರೆಡ್ ಡೆಡ್ ರಿಡೆಂಪ್ಷನ್ ಬಂದು ಜನರ ಜೇಬನ್ನೆಲ್ಲ ತಾನೇ ಬರಿದುಮಾಡಿತು. ಕಾರುಗಳು ಕುದುರೆಯ ಮುಂದೆ ಸೋತವು! ಎರಡು ಆಟಗಳೂ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. 2011ರ ಫೆಬ್ರವರಿಯಲ್ಲಿ ಬಿಜಾರ್ ಕ್ರಿಯೇಷನ್ಸ್ ಬಾಗಿಲು ಹಾಕಿತು. ಅದೇ ವರ್ಷ ಬ್ಲ್ಯಾಕ್ ರಾಕ್ ಕೂಡ ಮುಚ್ಚಿತು. ಅಂಕ ಪಡೆದವರು ಕೆಲಸ ಕಳೆದುಕೊಂಡರು.

“ಸರಕು ಚೆನ್ನಾಗಿದ್ರೆ ಸಾಲ್ದು, ಸಂತೆ ದಿನವೂ ಚೆನ್ನಾಗಿರ್ಬೇಕು” ಎಂದು ಅಂಗಡಿಯ ಹುಡುಗ ಈ ಕಥೆಯ ಕೆಳಗೆ ಕೆಂಪು ಮಸಿಯಲ್ಲಿ ಬರೆದಿದ್ದಾನೆ.

ಈ ವಾಕ್ಯ ಅಟ್ಟ ಹತ್ತಿದ ಬಗೆ ಹೇಗೆಂದರೆ, 2023ರಲ್ಲಿ ಓದುವ ಹುಡುಗನ ಮನೆಯ ಅಟ್ಟ ತುಂಬಿತ್ತು. ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಒಂದು ವರ್ಷದಷ್ಟು ಕಾಲ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗಟಗಟನೆ ಸದ್ದು ಮಾಡುವಂತಾದಾಗ ಸುಲಿದು, ಕರಟ ಒಡೆದು, ಇಡಿಯ ಉಂಡೆಯನ್ನು ತೆಗೆಯುತ್ತಾರೆ. ತಿಪಟೂರಿನ ಮಂಡಿಗಳಿಂದ ಅದು ಉತ್ತರ ಭಾರತಕ್ಕೆ ಹೋಗುತ್ತದೆ; ಅಲ್ಲಿನ ಹಬ್ಬಕ್ಕೆ, ಮದುವೆಗೆ, ಪೂಜೆಗೆ ಒದಗುತ್ತದೆ. ಹೀಗಾಗಿ ಕಾಯನ್ನು ಅಟ್ಟಕ್ಕೆ ಹಾಕುವುದೆಂದರೆ ಬರುವ ವರ್ಷದ ಧಾರಣೆಯ ಮೇಲೆ ಪಣ ಕಟ್ಟಿದಂತೆಯೇ. ಮಾಯಸಂದ್ರದ ಹಿರಿಯರು ಅದನ್ನು ಪಣವೆನ್ನುವುದಿಲ್ಲ, ಬೇಸಾಯವೆನ್ನುತ್ತಾರೆ.

ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ 11,750 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಮೂರು ನಾಲ್ಕು ಸಾವಿರ ಕೆಳಗೆ. ತಿಪಟೂರಿನಲ್ಲಿ ರೈತರು ಧರಣಿ ಕುಳಿತರು. ಮನೆಯಲ್ಲಿ ಹುಡುಗನ ಕಾಲೇಜಿನ ಶುಲ್ಕ ಕಟ್ಟುವ ಗಡುವು ಹತ್ತಿರವಾಯಿತು. ಮಾರೋಣವೆಂದು ತಂದೆ, ತಡೆಯೋಣವೆಂದು ಅಜ್ಜ. ಅಜ್ಜನ ವಾದ ಗಟ್ಟಿಯಾಗಿಯೇ ಇತ್ತು. “ನಮ್ಮ ಕೊಬ್ಬರಿ ನೋಡ್ಲಾ ಮಗ, ಒಂದು ಕಲೆ ಇಲ್ಲ, ಒಂದು ಸುಕ್ಕಿಲ್ಲ. ಇದನ್ನ ಎಂಟು ಸಾವಿರಕ್ಕೆ ಕೊಡಾಕಾಯ್ತದಾ?” ಎಂದರು. ಮೊಮ್ಮಗ ತಡವರಿಸುತ್ತ, “ತಾತ, ಕೊಬ್ಬರಿಗೆ ನೂರಕ್ಕೆ ತೊಂಬತ್ತು ಅಂಕ ನಾನೂ ಕೊಡ್ತೀನಿ. ಆದ್ರೆ ಅಂಕ ಕೊಡೋರು ಬೇರೆ, ದುಡ್ಡು ಕೊಡೋರು ಬೇರೆ” ಎಂದನು. ಅಜ್ಜನಿಗೆ ಸಿಟ್ಟು ಬಂದಿತು. ಮೂರು ದಿನ ಮೊಮ್ಮಗನ ಸಂಗಡ ಮಾತನಾಡಲಿಲ್ಲ. ಅವರು ಆರೈಕೆ ಮಾಡಿದ ಸರಕನ್ನು ಮಗುವೊಂದು ಆಟದ ಸಾಮಾನಿಗೆ ಹೋಲಿಸಿತಲ್ಲವೆ!

ನಾಲ್ಕನೆಯ ದಿನ ಅರ್ಧ ಅಟ್ಟ ಇಳಿಯಿತು. ಆಗಿನ ಧಾರಣೆಗೇ ಮಾರಾಟವಾಗಿ ಶುಲ್ಕ ಸಂದಾಯವಾಯಿತು. ಉಳಿದರ್ಧವನ್ನು ಅಜ್ಜ ಹಟದಿಂದ ಉಳಿಸಿಕೊಂಡರು. 2024ರಲ್ಲಿ ಬೆಂಬಲ ಬೆಲೆ 12,000 ರೂಪಾಯಿಯಾಗಿ, ಸರ್ಕಾರದ ಪರವಾಗಿ ನಾಫೆಡ್ ಖರೀದಿಗೆ ಇಳಿದಾಗ, ಆ ಅರ್ಧಕ್ಕೆ ಒಳ್ಳೆಯ ಹಣವೇ ಬಂದಿತು. ಅಜ್ಜ ಮೀಸೆ ತಿರುವಿದರು; ಮೊಮ್ಮಗ ತಲೆ ತಗ್ಗಿಸಿದನು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತೋಟಗಳಲ್ಲಿ ಕಾಂಡ ಸೋರುವ ರೋಗ, ಕಪ್ಪುತಲೆ ಹುಳು, ಬಿಳಿ ನೊಣಗಳ ಹಾವಳಿಯಿಂದ ಇಳುವರಿ ಕುಗ್ಗಿತ್ತು. ಎಳನೀರಿಗೆಂದು ಕಾಯಿ ಎಳೆಯದರಲ್ಲೇ ಮರದಿಂದ ಇಳಿಯುತ್ತಿತ್ತು. 2025ರ ನಡುವೆ ಕ್ವಿಂಟಾಲು ಕೊಬ್ಬರಿ 25,000 ರೂಪಾಯಿ ದಾಟಿತು. ಅಷ್ಟು ಹೊತ್ತಿಗೆ ಅಟ್ಟದಲ್ಲಿ ಉಳಿದದ್ದು ಮನೆಯ ಅಡುಗೆಗೆ ಸಾಲುವಷ್ಟು ಕಾಯಿ. ಮಾರಿದವರೂ ಸೋತರು, ತಡೆದವರೂ ಸೋತರು; ಬೆಲೆ ಮಾತ್ರ ಗೆದ್ದಿತು.

ಆಟಗಳ ಪೀಠದಲ್ಲಿಯೂ ಇಂಥ ಪರಾಭವಗಳು ನಡೆದೇ ಇದ್ದವು. 2021ರ ನವೆಂಬರಿನಲ್ಲಿ ಬಂದ ಫೋರ್ಜಾ ಹೊರೈಜನ್ 5ಕ್ಕೆ 92 ಅಂಕ. ಮೊದಲ ವಾರದಲ್ಲೇ ಒಂದು ಕೋಟಿ ಆಟಗಾರರು. ಅಂಗಡಿಯ ಹುಡುಗ ಕುಣಿದಾಡಿದನು. ಆದರೆ ತಿಂಗಳ ಚಂದಾ ಕಟ್ಟಿದವರೂ ಆ ಕೋಟಿಯಲ್ಲಿ ಸೇರಿದ್ದರು, ಆಡಿದವರೆಲ್ಲ ಕೊಂಡವರಲ್ಲ. ಮಾರುಕಟ್ಟೆಗೆ ಬಂದ ಚೀಲಗಳ ಲೆಕ್ಕವನ್ನೇ ಮಾರಾಟವಾದ ಚೀಲಗಳ ಲೆಕ್ಕವೆಂದು ತಿಳಿದಂತಾಯಿತು. 2022ರ ಮಾರ್ಚಿನಲ್ಲಿ ಗ್ರ್ಯಾನ್ ಟ್ಯುರಿಸ್ಮೊ 7 ಬಂದಾಗ ವಿಮರ್ಶಕರು 87 ಅಂಕವಿತ್ತರು. ಓದುವ ಹುಡುಗ ಬೀಗಿದನು. ಅದೇ ತಿಂಗಳು ಆಟ ಒಂದು ದಿನಕ್ಕೂ ಹೆಚ್ಚು ಕಾಲ ಕೆಟ್ಟು ನಿಂತಿತು. ಆಟದೊಳಗಿನ ಗಳಿಕೆಯನ್ನು ಇಳಿಸಿ, ಹಣ ಕೊಟ್ಟು ಕಾರು ಕೊಳ್ಳುವಂತೆ ಮಾಡಿದರೆಂದು ಆಟಗಾರರು ಕೆರಳಿದರು. ಅದೇ ಮೆಟಾಕ್ರಿಟಿಕ್‌ನಲ್ಲಿ ಸಾಮಾನ್ಯ ಬಳಕೆದಾರರು ಕೊಟ್ಟ ಅಂಕ ಹತ್ತಕ್ಕೆ ಎರಡರ ಸಮೀಪಕ್ಕೆ ಜಾರಿತು. ಸೃಷ್ಟಿಕರ್ತ ಕಜುನೊರಿ ಯಮಾವುಚಿ ಕ್ಷಮೆ ಕೇಳಿ, ಆಟಗಾರರಿಗೆ ಆಟದ ಹಣವನ್ನು ಕಾಣಿಕೆಯಾಗಿ ಹಂಚಬೇಕಾಯಿತು. ಒಂದೇ ಆಟ, ಒಂದೇ ತಿಂಗಳು. ಪಂಡಿತರಿಗೆ ಅಮೃತ, ಪಾಮರರಿಗೆ ವಿಷ! ಆದರೂ 2022ರ ಕೊನೆಯ ವೇಳೆಗೆ ಗ್ರ್ಯಾನ್ ಟ್ಯುರಿಸ್ಮೊ ಮಾಲೆಯ ಆಟಗಳ ಒಟ್ಟು ಮಾರಾಟ ಒಂಬತ್ತು ಕೋಟಿ ದಾಟಿತು.

ಕೊನೆಗೆ 2025ರ ಏಪ್ರಿಲ್ 29ರಂದು ಫೋರ್ಜಾ ಹೊರೈಜನ್ 5 ಸೋನಿಯ ಪ್ಲೇಸ್ಟೇಷನ್ನಿಗೇ ಬಂದುಬಿಟ್ಟಿತು. ಕಕ್ಷಿಗಾರರು ಊರಿನಲ್ಲಿ ಹೊಡೆದಾಡುತ್ತಿರುವಾಗ, ಅತ್ತ ಒಡೆಯರಿಬ್ಬರೂ ರಾಜಿ ಮಾಡಿಕೊಂಡು ಕಾಫಿ ಕುಡಿದಂತಾಯಿತು. ಇಬ್ಬರು ಹುಡುಗರೂ ಮುಖ ಮುಖ ನೋಡಿಕೊಂಡು ನಕ್ಕರು.

ಹಾಗಾದರೆ ಮುಂಗಾಣುವ ಈ ವಿದ್ಯೆಯಿಂದ ಪ್ರಯೋಜನವೇನು? ಅಂಕವನ್ನು ಹೇಳುವುದು ಅಷ್ಟು ಕಷ್ಟವಲ್ಲ. ಹಿಂದಿನ ಆಟ ಹೇಗಿತ್ತು, ತಯಾರಕರು ಯಾರು, ಎಷ್ಟು ವರ್ಷ ದುಡಿದರು ಎಂಬುದರಿಂದ ಐದಾರು ಅಂಕಗಳ ಅಂತರದಲ್ಲಿ ಊಹಿಸಬಹುದು. ಅದು ಸರಕಿನ ಗುಣ. ಬಿಕರಿ ಹಾಗಲ್ಲ. ಅದು ಪಕ್ಕದ ಅಂಗಡಿಯಲ್ಲಿ ಏನಿದೆ, ಕೊಳ್ಳುವವನ ಜೇಬಿನಲ್ಲಿ ಏನಿದೆ, ಅವನು ಈ ವಾರ ಕಾರು ಬಯಸುವನೋ ಕುದುರೆ ಬಯಸುವನೋ ಎಂಬುದರ ಮೇಲೆ ನಿಂತಿದೆ. ಉಂಡೆಯ ಗುಣವನ್ನು ಮಾಯಸಂದ್ರದಲ್ಲಿ ಕುಳಿತು ಅಜ್ಜ ಹೇಳಬಲ್ಲರು. ದೂರದ ದೆಹಲಿಯವನ ದೀಪಾವಳಿಯನ್ನು ಹೇಳಲಾರರು. ಇದು ಅವರ ಜಾಣತನಕ್ಕೆ ಕುಂದಲ್ಲ. ಬೆವರು ತಮ್ಮದು, ಬೆಲೆ ಪರರದು ಎಂಬುದೇ ಬೆಳೆಯುವವರೆಲ್ಲರ ಸಂಕಟ; ತೋಟದವನಿಗೂ ಅದೇ, ಲಿವರ್‌ಪೂಲಿನಲ್ಲಿ ಆಟ ಕಟ್ಟಿದವನಿಗೂ ಅದೇ.

ಆ ನೋಟುಪುಸ್ತಕದಲ್ಲಿ ಮೊದಲು ಎರಡೇ ಕಂಬಸಾಲುಗಳಿದ್ದವು: ಅಂಕ, ಬಿಕರಿ. ಈಚೆಗೆ ಮೂರನೆಯದೊಂದು ಸೇರಿದೆ: ‘ಏಕೆ ತಪ್ಪಿತು?’ ಅದೇ ಎಲ್ಲಕ್ಕಿಂತ ಉದ್ದವಾಗಿ ಬೆಳೆದಿದೆ. ಅದರ ಹಿಂದಿನ ಪುಟಗಳಲ್ಲಿ ಈಗ ತಿಪಟೂರಿನ ಧಾರಣೆಯೂ ವಾರವಾರವೂ ದಾಖಲಾಗುತ್ತದೆ. ಹೇಳುವವರು ಅಜ್ಜ, ಬರೆಯುವವನು ಮೊಮ್ಮಗ. ಮನೆಯಲ್ಲಿ ಒಂದು ಹೊಸ ಕಟ್ಟಳೆಯೂ ಆಗಿದೆ. ಅಟ್ಟವನ್ನು ಇನ್ನು ಒಂದೇ ಸಲ ಇಳಿಸುವುದಿಲ್ಲ, ಪೂರ್ತಿ ತಡೆಯುವುದೂ ಇಲ್ಲ; ಮೂರು ಪಾಲು ಮಾಡಿ ಮೂರು ಕಾಲದಲ್ಲಿ ಮಾರುವುದು. “ಮೂರರಾಗೆ ಒಂದಾದ್ರೂ ನಮ್ಮ ಮಾತು ಕೇಳ್ತದೆ ಬಿಡು” ಎಂಬುದು ಅಜ್ಜನ ಅಭಿಪ್ರಾಯ. ಮೊಮ್ಮಗ ಅದನ್ನೂ ಭವಿಷ್ಯವಾಣಿಯೆಂದೇ ಎಣಿಸಿ, ತಾರೀಖು ಹಾಕಿ ಬರೆದುಕೊಂಡಿದ್ದಾನೆ.