ರಂಗನತಿಟ್ಟಿನ ಹಕ್ಕಿಗಳೂ ಕೈಗೆ ಹೊಂದುವ ಕ್ಯಾಮೆರಾವೂ

ಶ್ರೀರಂಗಪಟ್ಟಣ ನೋಡದ ಗೃಹಿಣಿ ನಮ್ಮ ಮದ್ದೂರಿನ ಕಡೆ ಅಪರೂಪ. ರಂಗನಾಥಸ್ವಾಮಿ ದರ್ಶನ ಮಾಡಿ, ನಿಮಿಷಾಂಬ ದೇವಿಗೆ ಹಣ್ಣುಕಾಯಿ ಒಪ್ಪಿಸಿ, ಸಂಗಮದಲ್ಲಿ ಕಾಲು ನೆನೆಸಿಕೊಂಡು, ಬುತ್ತಿ ಬಿಚ್ಚಿ ಊಟ ಮುಗಿಸಿ ಸಂಜೆ ಹೊತ್ತಿಗೆ ಮನೆ ಸೇರುತ್ತೇವೆ. ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ, ಅದೇ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಸಂಸಾರ ಹೂಡಿರುವ ರಂಗನತಿಟ್ಟನ್ನು ಮಾತ್ರ "ಇನ್ನೊಂದು ಸಲ ನೋಡಿದರಾಯ್ತು ಬಿಡಿ" ಅಂತ ಮುಂದಕ್ಕೆ ಹಾಕುತ್ತೇವೆ. ಆ ಇನ್ನೊಂದು ಸಲವನ್ನು ಈ ವರ್ಷವೇ ಮಾಡಿಕೊಳ್ಳಿ ಎನ್ನುವುದಕ್ಕೂ, ಹೋಗುವಾಗ ಕೈಯಲ್ಲಿ ಎಂಥ ಕ್ಯಾಮೆರಾ ಇದ್ದರೆ ಚೆನ್ನ ಎನ್ನುವುದಕ್ಕೂ ಈ ನಾಲ್ಕು ಮಾತು.

1645ರಿಂದ 1648ರ ನಡುವೆ ಕಾವೇರಿಗೆ ಅಡ್ಡಲಾಗಿ ಅಣೆ ಕಟ್ಟಿದಾಗ ಈ ತಿಟ್ಟುಗಳು ರೂಪುಗೊಂಡವು. ಪಕ್ಷಿತಜ್ಞ ಸಾಲಿಂ ಅಲಿಯವರು ಇಲ್ಲಿನ ಹಕ್ಕಿಗಳನ್ನು ಕಂಡು ಮೈಸೂರು ಅರಸರಿಗೆ ಸಲಹೆ ಮಾಡಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ 2022ರಲ್ಲಿ ಸೇರಿತು. ದೋಣಿ ಹತ್ತಿ ಕೂತರೆ ಸಾಕು, ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಬಿಳಿ ಹಕ್ಕಿ, ಬಾಯ್ಕಳಕ, ಹೆಜ್ಜಾರ್ಲೆ, ನೀರುಕಾಗೆ, ಹಾವಿನಂಥ ಕತ್ತಿನ ಹಾವಕ್ಕಿ, ಒಂದೊಂದೂ ತನ್ನ ಪಾಡಿಗೆ ತಾನು ಮನೆಗೆಲಸದಲ್ಲಿ ಮುಳುಗಿರುತ್ತದೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ತೆಗೆಯಬಹುದಲ್ಲ ಅನ್ನಬಹುದು ನೀವು. ಮಕ್ಕಳ ಹುಟ್ಟುಹಬ್ಬಕ್ಕೆ ಫೋನು ಸಾಕು. ಹಕ್ಕಿಯನ್ನು ಅದರಲ್ಲಿ ಎಳೆದು ಎಳೆದು ದೊಡ್ಡದು ಮಾಡಿದರೆ, ನೆನೆದ ಕಾಗದದ ಮೇಲಿನ ಶಾಯಿಯ ಹಾಗೆ ರೆಕ್ಕೆಯೆಲ್ಲ ಕದಡಿಹೋಗುತ್ತದೆ. ಜೊತೆಗೆ ಬಿಸಿಲಿನಲ್ಲಿ ಪರದೆಯೇ ಕಾಣಿಸುವುದಿಲ್ಲ.

ನನ್ನ ಚೀಟಿ ಹಣ ಕೈಗೆ ಬಂದಾಗ ನಮ್ಮ ಯಜಮಾನರು "ಒಂದು ಜೊತೆ ಬಳೆ ಮಾಡಿಸ್ಕೋ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನಲವತ್ತು ದಾಟಿದ ಮೇಲೆ, ಮಕ್ಕಳು ಅವರವರ ದಾರಿ ಹಿಡಿದ ಮೇಲೆ, ನನಗೇ ಅಂತ ಒಂದು ಕೆಲಸ ಬೇಕು ಅನ್ನಿಸಿತ್ತು. ಬಳೆ ಬೀರುವಿನಲ್ಲಿರುತ್ತದೆ, ಕ್ಯಾಮೆರಾ ನನ್ನನ್ನು ಬೀರುವಿನಿಂದಾಚೆ ಕರೆದುಕೊಂಡು ಹೋಗುತ್ತದೆ ಅಂದೆ. ನಕ್ಕರು, ಒಪ್ಪಿದರು. ಅಷ್ಟು ಹಣ ಹಾಕುವಾಗ ಯೋಚನೆ ಮಾಡಿ ಹಾಕಬೇಕಲ್ಲ? ಹಾಗೆ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಥ ಕ್ಯಾಮೆರಾ?

ಡಿಜಿಟಲ್ ಎಸ್‌ಎಲ್‌ಆರ್ ಅನ್ನುವುದರೊಳಗೆ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ನಮ್ಮ ಕಣ್ಣಿಗೆ ಕಳಿಸುತ್ತದೆ. ಗುಂಡಿ ಒತ್ತಿದ ಕೂಡಲೇ 'ಟಕ್' ಅಂತ ಮೇಲಕ್ಕೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಕಣ್ಣಿಟ್ಟು ನೋಡುವುದರಿಂದ ಬಿಸಿಲಿನ ಕಾಟವಿಲ್ಲ, ಲೆನ್ಸನ್ನು ಬೇಕೆಂದಾಗ ಬದಲಾಯಿಸಬಹುದು.

ಇದರಲ್ಲಿ ನಮ್ಮಂಥವರ ಕೈಗೆ ಹೊಂದುವ ಸಣ್ಣ ಮಾದರಿಗಳು ಎರಡು ಮೂರಿವೆ. ಕ್ಯಾನನ್ 200ಡಿ ಮಾರ್ಕ್ 2 ಬ್ಯಾಟರಿ ಸಮೇತ ಸುಮಾರು 450 ಗ್ರಾಂ. ನಿಕಾನ್ ಡಿ5600 ಸುಮಾರು 465 ಗ್ರಾಂ, ಡಿ3500 ಇನ್ನೂ ಹಗುರ, 415 ಗ್ರಾಂ. ಮೂರರಲ್ಲೂ ಚಿತ್ರದ ಗುಣ ಹೆಚ್ಚು ಕಡಿಮೆ ಒಂದೇ, 24 ಮೆಗಾಪಿಕ್ಸೆಲ್. ಈ ಸಣ್ಣ ಮಾದರಿಗಳಿಂದ ಇನ್ನೊಂದು ಅನುಕೂಲವುಂಟು. ಒಳಗಿನ ಚಿತ್ರ ಹಿಡಿಯುವ ಫಲಕ ಚಿಕ್ಕದಾದ್ದರಿಂದ ಹಕ್ಕಿ ಚೌಕಟ್ಟಿನಲ್ಲಿ ದೊಡ್ಡದಾಗಿ ತುಂಬಿಕೊಳ್ಳುತ್ತದೆ. ನಿಕಾನಿನಲ್ಲಿ ಒಂದೂವರೆ ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. 300 ಮಿಲಿಮೀಟರ್ ಲೆನ್ಸು ನಿಕಾನಿಗೆ ಹಾಕಿದರೆ 450ರ ನೋಟ ಸಿಕ್ಕಂತೆ.

ಲೆನ್ಸು ಎಷ್ಟುದ್ದ?

ಗೊಂದಲ ಆಗುವುದು ಇಲ್ಲೇ. ನಾನು ಹೋದ ಅಂಗಡಿಯ ಹುಡುಗ "ಮೇಡಂ, ಹಕ್ಕಿಗೆ 500 ಇಲ್ದಿದ್ರೆ ಆಗಲ್ಲ" ಅಂತ ನಿಕಾನಿನ 200-500 ಲೆನ್ಸನ್ನು ಕೈಗಿಟ್ಟ. ಚಿತ್ರಕ್ಕೆ ಅದು ಬಹಳ ಒಳ್ಳೆಯದು, ಸುಳ್ಳಲ್ಲ. ಆದರೆ ಲೆನ್ಸೇ 2 ಕಿಲೋ 300 ಗ್ರಾಂ! ನನಗೆ ಮೊದಲೇ ಭುಜದ ನೋವು. ಆಮೇಲೆ 70-300 ಲೆನ್ಸನ್ನು ಹಿಡಿದು ನೋಡಿದೆ, 415 ಗ್ರಾಂ. ಕ್ಯಾಮೆರಾ ಸೇರಿಸಿದರೂ ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಹಗುರ. ಅದನ್ನೇ ಆರಿಸಿದೆ. ಕ್ಯಾನನ್ ಇಷ್ಟಪಡುವವರಿಗೆ ಇದರ ವಾರಗಿತ್ತಿ 55-250, ತೂಕ ಸುಮಾರು 375 ಗ್ರಾಂ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಎರಡೂವರೆ ಕಿಲೋ ಬೇಳೆ ಚೀಲದಲ್ಲಿ ತುಂಬಿ, ಎರಡೂ ಕೈಯಲ್ಲಿ ಕಣ್ಣಿನ ಎತ್ತರಕ್ಕೆ ಹಿಡಿದು ನೂರು ಎಣಿಸಿ. ಕೈ ನಡುಗದಿದ್ದರೆ ದೊಡ್ಡ ಲೆನ್ಸು ಕೊಳ್ಳಿ. ನಡುಗಿದರೆ ಅದು ನಾಲ್ಕು ದಿನದಲ್ಲಿ ಅಟ್ಟ ಸೇರುತ್ತದೆ. ಇಂಥ ಜಾಗಗಳಿಗೆ ದಿನಾ ಹೋಗುವವರಲ್ಲ ನಾವು. ರಂಗನತಿಟ್ಟಿನಲ್ಲಿ ದೋಣಿ ಸಾಕಷ್ಟು ಹತ್ತಿರ ಹೋಗುವುದರಿಂದ 300 ಧಾರಾಳವಾಗಿ ಸಾಕು. ಕೊಕ್ಕರೆಬೆಳ್ಳೂರಿನಲ್ಲಂತೂ ಊರೊಳಗಿನ ಹುಣಸೆಮರಗಳಲ್ಲೇ ಗೂಡು, ಬೀದಿಯಲ್ಲಿ ನಿಂತೇ ತೆಗೆಯಬಹುದು. ನಾಗರಹೊಳೆಯ ಆನೆಗೂ ಇದು ಆದೀತು. ಮುಸ್ಸಂಜೆಯಲ್ಲಿ ದೂರದ ಹುಲಿ ಬೇಕು ಅನ್ನುವವರು ದೊಡ್ಡ ಲೆನ್ಸನ್ನು ಬೆಂಗಳೂರು, ಮೈಸೂರುಗಳಲ್ಲಿ ದಿನದ ಬಾಡಿಗೆಗೆ ತರಬಹುದು.

ಕೊಳ್ಳುವಾಗ ಅಕ್ಷರಗಳನ್ನು ಸರಿಯಾಗಿ ಓದಿ. ನಿಕಾನಿನ 70-300ರಲ್ಲಿ ನೋಡಲು ಒಂದೇ ಥರದ ಎರಡು ಬಗೆ ಇವೆ. 'ವಿಆರ್' ಅಂತ ಬರೆದಿರುವುದನ್ನೇ ಕೇಳಿ, ಕೈ ನಡುಕವನ್ನು ತಡೆಯುವ ಏರ್ಪಾಡು ಅದರಲ್ಲಿ ಮಾತ್ರ ಇರುವುದು. ಕ್ಯಾನನ್‌ನಲ್ಲಿ 'ಐಎಸ್ ಎಸ್‌ಟಿಎಂ' ಇರಲಿ. ಡಿ3500, ಡಿ5600ಕ್ಕೆ ಹಳೆಯ ಕಾಲದ ನಿಕಾನ್ ಲೆನ್ಸು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಅವಸರಪಡಬೇಡಿ. 'ಎಎಫ್-ಎಸ್' ಅಥವಾ 'ಎಎಫ್-ಪಿ' ಅಂತ ಇಲ್ಲದಿದ್ದರೆ ಅದು ತಾನಾಗಿ ಫೋಕಸ್ ಮಾಡುವುದಿಲ್ಲ.

ಎರಡನೇ ಕೈ ಸರಕು

ಕ್ಯಾನನ್, ನಿಕಾನ್ ಇಬ್ಬರೂ 2020ರ ಈಚೆಗೆ ಕನ್ನಡಿಯಿಲ್ಲದ ಕ್ಯಾಮೆರಾಗಳ ಕಡೆ ತಿರುಗಿದ್ದಾರೆ. ಹಾಗಾಗಿ ಚೆನ್ನಾಗಿರುವ ಎಸ್‌ಎಲ್‌ಆರ್‌ಗಳು ಎರಡನೇ ಕೈಯಲ್ಲಿ ಸಿಗುತ್ತವೆ, ನಮ್ಮ ಚೀಟಿ ಹಣಕ್ಕೆ ಅದೇ ಲಾಭ. ಎಷ್ಟು ಸಾವಿರ ಚಿತ್ರ ತೆಗೆದಿದೆ ಅಂತ ಕೇಳಿ. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಉಪ್ಪಿನಕಾಯಿಗೆ ಹೇಗೋ ಲೆನ್ಸಿಗೂ ಹಾಗೆ, ತೇವವೇ ಶತ್ರು. ಮಲೆನಾಡು, ಕರಾವಳಿಯ ಸೋದರಿಯರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಟ್ಟುಕೊಳ್ಳಿ.

ದೋಣಿಯಲ್ಲಿ ಕೂತ ಮೇಲೆ

ದೋಣಿ ಅಲುಗುವುದರಿಂದ ಮುಕ್ಕಾಲು ಸ್ಟ್ಯಾಂಡು ಅಲ್ಲಿ ಕೆಲಸಕ್ಕೆ ಬಾರದು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಹಿಡಿಯಿರಿ. ಕೂತ ಹಕ್ಕಿಗೆ ಸೆಕೆಂಡಿನ 500ನೇ ಒಂದು ಭಾಗ, ಹಾರುವುದಕ್ಕೆ 1000ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗ ಇಡಿ. ಇಂಥ ಹಗುರ ಲೆನ್ಸಿಗೆ ಬೆಳಕು ಜಾಸ್ತಿ ಬೇಕು, ಬೆಳಗಿನ ಮೊದಲ ದೋಣಿಯೇ ಒಳ್ಳೆಯದು. ಬಿಳಿ ಹಕ್ಕಿ ಬಿಸಿಲಿನಲ್ಲಿ ಸುಣ್ಣದ ಗೋಡೆಯ ಹಾಗೆ ಬಂದರೆ, ಕೂಡು-ಕಳೆ ಗುರುತಿನ ಗುಂಡಿ ಒತ್ತಿ ಒಂದು ಹಂತ ಕಳೆಯಿರಿ, ಗರಿಗರಿಯೂ ಕಾಣುತ್ತದೆ. ಚಿತ್ರದಲ್ಲಿ ಕಣ್ಣು ಸ್ಪಷ್ಟವಾಗಿದ್ದರೆ ಮಿಕ್ಕದ್ದು ಹೇಗಿದ್ದರೂ ಹಕ್ಕಿ ಜೀವಂತವಾಗಿ ಕಾಣುತ್ತದೆ.

ಫೆಬ್ರುವರಿಯಿಂದ ಮೇವರೆಗೆ ಗೂಡು, ಮರಿಗಳ ಕಾಲ. ಆಗ ಒಂದು ಸಂಗತಿ ಗಮನಿಸಿ. ಬಿಸಿಲೇರಿದ ಹಾಗೆ ಬಣ್ಣದ ಕೊಕ್ಕರೆ ಎರಡೂ ರೆಕ್ಕೆ ಅಗಲಿಸಿ, ಬಿಸಿಲಿಗೆ ಬೆನ್ನು ಕೊಟ್ಟು, ಮರಿಗಳಿಗೆ ಕೊಡೆ ಹಿಡಿದು ನಿಲ್ಲುತ್ತದೆ. ನಮ್ಮ ದೋಣಿಯಲ್ಲಿದ್ದವರೊಬ್ಬರು ಇನ್ನೂ ಹತ್ತಿರ ಬಿಡು ಅಂತ ದೋಣಿಯವನಿಗೆ ಒತ್ತಾಯ ಮಾಡಿದರು. ಅವನು ಹುಟ್ಟನ್ನು ಎತ್ತಿಹಿಡಿದು, "ಬ್ಯಾಡಿ ಸ್ವಾಮಿ, ತಾಯಿ ಎದ್ದೋದ್ರೆ ಮರಿಗೆ ನೆರಳಿಲ್ಲ" ಅಂದ. ಮೂರು ಮಕ್ಕಳನ್ನು ಸೆರಗಿನ ನೆರಳಲ್ಲಿ ಬೆಳೆಸಿದ ನನಗೆ ಲೆನ್ಸು ಯಾತಕ್ಕೆ ಅನ್ನುವುದು ಆ ಮಾತಿನಿಂದ ಅರ್ಥವಾಯಿತು. ದೂರವನ್ನು ಹತ್ತಿರ ಮಾಡುವುದಕ್ಕಷ್ಟೇ ಅಲ್ಲ, ನಾವು ದೂರದಲ್ಲೇ ಉಳಿಯುವುದಕ್ಕೆ. 300ಕ್ಕೆ ಎಟುಕದ ಹಕ್ಕಿಯನ್ನು ಕಣ್ಣಿಂದ ನೋಡಿ ಸಂತೋಷಪಡೋಣ. ಬಾಣಂತಿಯ ಕೋಣೆಗೆ ನಾವು ನುಗ್ಗುತ್ತೇವೆಯೇ?

ಹೊರಡುವವರಿಗೆ ಇನ್ನೆರಡು ಸೂಚನೆ. ಬೆಂಗಳೂರು–ಮೈಸೂರು ದಾರಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಇಳಿದರೆ ಆಟೋ ಸಿಗುತ್ತದೆ. ಪ್ರವೇಶ, ದೋಣಿ, ಕ್ಯಾಮೆರಾಕ್ಕೆ ಬೇರೆ ಬೇರೆ ಶುಲ್ಕ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಹೆಚ್ಚು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ. ಕಡುಕೆಂಪು, ಮಿರುಗುವ ಸೀರೆ ಬೇಡ, ಮಾಸಲು ಬಣ್ಣದ್ದು ಉಡಿ. ಮತ್ತೆ, ಹೋಗುವುದಕ್ಕೆ ಒಂದು ತಿಂಗಳು ಮೊದಲೇ ಕ್ಯಾಮೆರಾ ಕೊಂಡು, ಬಟ್ಟೆ ಹರವುವ ತಂತಿಯ ಮೇಲಿನ ಮೈನಾ, ಕರಿಬೇವಿನ ಗಿಡದ ಸೂರಕ್ಕಿಗಳ ಮೇಲೆ ಕೈ ಪಳಗಿಸಿಕೊಳ್ಳಿ. ಒಗ್ಗರಣೆ ಹಾಕಿ ಗ್ಯಾಸು ಆರಿಸಿ, ಐದು ನಿಮಿಷ ಹಿತ್ತಲಿಗೆ ಹೋಗಿ ಬಂದರೆ ಸಾರೇನೂ ಕೆಟ್ಟುಹೋಗುವುದಿಲ್ಲ.