ಫಿಫ್ಟಿ ಪರ್ಸೆಂಟ್ ಆಫ್, ಯಾರ ಜೇಬಿಂದ?

"ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಅನ್ನೋ ಗಾದೆ ಹುಟ್ಟಿದ್ದೇ ನಮ್ಮಂಥವರನ್ನ ನೋಡಿ ಇರಬೇಕು. ನಾವು ಅಂದ್ರೆ ಸೆಕೆಂಡ್ ಇಯರ್‌ನ ನಾಲ್ಕು ಜನ. ಇಬ್ಬರು ಬಿಟಿಎಂ ಲೇಔಟ್‌ನ ಪಿಜಿ ವಾಸಿಗಳು, ಒಬ್ಬಳು ಬನಶಂಕರಿಯವಳು, ಇನ್ನೊಬ್ಬ ಜೆಪಿ ನಗರದವನು. ನಾಲ್ವರೂ ಇಂಗ್ಲಿಷ್ ಮೀಡಿಯಂ. ಗಾದೆಗಳೆಲ್ಲ ಅಜ್ಜಿಯರಿಂದ ಬಂದದ್ದು, ಕೂಪನ್ ಕೋಡ್‌ಗಳು ಸೀನಿಯರ್ಸ್‌ನಿಂದ ಬಂದದ್ದು.

ತಿಂಗಳ ಇಪ್ಪತ್ತನೇ ತಾರೀಖು ದಾಟಿದ ಮೇಲೆ ನಮಗೆ ದಕ್ಷಿಣ ಬೆಂಗಳೂರಿನ ಮ್ಯಾಪೇ ಬದಲಾಗುತ್ತೆ. ಜಯನಗರ ಅಂದ್ರೆ ಬಫೆ ಊಟಕ್ಕೆ ಒನ್ ಪ್ಲಸ್ ಒನ್. ಜೆಪಿ ನಗರ ಅಂದ್ರೆ ಹೇರ್‌ಕಟ್ ಅರ್ಧ ರೇಟು. ಬಿಟಿಎಂ ಅಂದ್ರೆ ಮೂರು ದಿನದ ಫ್ರೀ ಜಿಮ್ ಟ್ರಯಲ್. ಬನ್ನೇರುಘಟ್ಟ ರಸ್ತೆ ಅಂದ್ರೆ ಬೌಲಿಂಗ್ ಆಟದ ಆಫರ್. ಮನೆಯಿಂದ ಬರೋ ದುಡ್ಡಲ್ಲಿ ಮೆಸ್, ಬಸ್ಸು, ಜೆರಾಕ್ಸ್ ಕಳೆದು ಉಳಿಯೋದು ಎಷ್ಟು ಅಂತ ನಿಮಗೂ ಗೊತ್ತು. ಹಾಗಾಗಿ ಡೀಲ್ ಹುಡುಕೋದನ್ನ ನಾವು ಲ್ಯಾಬ್ ರೆಕಾರ್ಡ್‌ಗಿಂತ ಶ್ರದ್ಧೆಯಿಂದ ಮಾಡ್ತೀವಿ. ಈ ಲೇಖನ ಡೀಲ್ ಬೇಡ ಅಂತ ಉಪದೇಶ ಮಾಡೋಕಲ್ಲ. ಆ ಅರ್ಧ ರೇಟಿನ ಇನ್ನರ್ಧ ಯಾರು ಕೊಡ್ತಾರೆ ಅಂತ ಸ್ವಲ್ಪ ಲೆಕ್ಕ ಹಾಕೋಕೆ.

ಮೊದಲು ಸ್ವಲ್ಪ ಚರಿತ್ರೆ. 2008ರ ನವೆಂಬರ್‌ನಲ್ಲಿ ಅಮೆರಿಕದ ಶಿಕಾಗೋದಲ್ಲಿ ಗ್ರೂಪಾನ್ ಶುರುವಾಯ್ತು. ಹೆಸರೇ ಹೇಳೋ ಹಾಗೆ ಗ್ರೂಪ್ ಪ್ಲಸ್ ಕೂಪನ್. ಅವರ ಮೊದಲ ಡೀಲ್, ತಮ್ಮ ಆಫೀಸಿನ ಕಟ್ಟಡದಲ್ಲೇ ಇದ್ದ ಬಾರ್‌ನಲ್ಲಿ ಒಂದು ಪಿಜ್ಜಾದ ಬೆಲೆಗೆ ಎರಡು ಪಿಜ್ಜಾ. ಇಷ್ಟು ಜನ ಸೇರಿದ್ರೆ ಮಾತ್ರ ಡೀಲ್ ಉಂಟು, ಇಲ್ಲಾಂದ್ರೆ ಇಲ್ಲ ಅನ್ನೋದು ಆಗಿನ ನಿಯಮ. 2010ರಲ್ಲಿ ನಮ್ಮ ದೇಶದಲ್ಲಿ ಸ್ನ್ಯಾಪ್‌ಡೀಲ್ ಹುಟ್ಟಿದ್ದೂ ಇಂಥ ಡೀಲ್ ಸೈಟ್ ಆಗಿಯೇ, ಸಾಮಾನು ಮಾರೋಕೆ ಹೋದದ್ದು ಆಮೇಲೆ. 2013ರಲ್ಲಿ ಈರುಳ್ಳಿ ಬೆಲೆ ಗಗನಕ್ಕೆ ಏರಿದಾಗ ಗ್ರೂಪಾನ್ ಇಂಡಿಯಾ ಕಿಲೋಗೆ 9 ರೂಪಾಯಿಯಂತೆ ಈರುಳ್ಳಿ ಮಾರಿತು. ಜನ ಮುಗಿಬಿದ್ದು ಸೈಟೇ ಮಲಗಿಬಿಡ್ತು. ಅದೇ ಕಂಪನಿ 2015ರಲ್ಲಿ ನಿಯರ್‌ಬೈ ಆಯ್ತು, 2017ರಲ್ಲಿ ಪೇಟಿಎಂ ತೆಕ್ಕೆಗೆ ಬಂತು. ಹೆಸರು ಬದಲಾಗ್ತಾ ಹೋಯ್ತು, ಆಟ ಅದೇ.

ಆದ್ರೆ ಅಂಗಡಿಯವನು ಯಾಕೆ ಅರ್ಧ ಬೆಲೆಗೆ ಕೊಡ್ತಾನೆ? ಇದಕ್ಕೆ ಶಿಕಾಗೋಗೆ ಹೋಗಬೇಕಾಗಿಲ್ಲ, ಆಷಾಢದಲ್ಲಿ ಜಯನಗರದಲ್ಲಿ ಒಂದು ಸುತ್ತು ಹಾಕಿದ್ರೆ ಸಾಕು. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಸೀರೆ ಕೊಳ್ಳೋರು ಕಮ್ಮಿ. ಹಾಗಾಗಿ ಬಟ್ಟೆ ಅಂಗಡಿಗಳ ಮುಂದೆ ಆಷಾಢ ಸೇಲ್ ಬೋರ್ಡು. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರ ಆದ ಹಾಗೆ ಬೋರ್ಡು ಮಾಯ. ಅಂಗಡಿ ಖಾಲಿ ಇದ್ದಾಗ ಬೆಲೆ ಇಳಿಯುತ್ತೆ, ಅಷ್ಟೇ. ಸೀರೆಯಾದ್ರೆ ಈ ತಿಂಗಳು ಹೋಗದಿದ್ರೆ ಮುಂದಿನ ತಿಂಗಳು ಹೋಗುತ್ತೆ. ಪಾರ್ಲರ್‌ನ ಕುರ್ಚಿ ಹಾಗಲ್ಲ. ಮಂಗಳವಾರ ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ತನಕ ಖಾಲಿ ಇದ್ದ ಕುರ್ಚಿಯನ್ನ ಬುಧವಾರ ಮಾರೋಕಾಗಲ್ಲ. ಡೀಲ್ ಸೈಟು ಮಾರೋದು ಈ ಖಾಲಿ ಕುರ್ಚಿಯನ್ನೇ.

ಇದು ನಮಗೆ ಅರ್ಥ ಆಗಿದ್ದು ಒಬ್ಬರು ಅತ್ತೆಯಿಂದ. ನಮ್ಮ ಬನಶಂಕರಿ ಗೆಳತಿಯ ಸೋದರತ್ತೆ ಸೆಕೆಂಡ್ ಸ್ಟೇಜ್‌ನಲ್ಲಿ ಪುಟ್ಟ ಬ್ಯೂಟಿ ಪಾರ್ಲರ್ ನಡೆಸ್ತಾರೆ. ಮೂರು ಕುರ್ಚಿ, ಕೆಲಸಕ್ಕೆ ಒಬ್ಬ ಹುಡುಗಿ. ಒಂದು ಡೀಲ್ ಸೈಟಿನವರು ಬಂದು, "ಮೇಡಂ, ಹೊಸ ಕಸ್ಟಮರ್ಸ್ ಸಾಲುಗಟ್ಟಿ ಬರ್ತಾರೆ" ಅಂತ ಹೇಳಿ ಅವರನ್ನ ಒಪ್ಪಿಸಿದ್ರಂತೆ. ಸಾಲೇನೋ ಬಂತು. ದೀಪಾವಳಿಗೆ ಮತ್ತೆ ಸೇರ್ಕೊಳ್ಳಿ ಅಂತ ಫೋನ್ ಬಂದಾಗ ಅತ್ತೆ ನಮ್ಮನ್ನ ಕರೆದ್ರು. "ಇಂಜಿನಿಯರಿಂಗ್ ಓದ್ತಿದೀರಲ್ಲ, ನೋಡ್ರಪ್ಪಾ ಈ ಲೆಕ್ಕನ. ಮೂರು ವಾರ ಬೆನ್ನು ಮುರಿದು ಕೆಲಸ ಮಾಡಿದೀನಿ, ಕೊನೇಲಿ ಬಾಡಿಗೆಗೇ ತತ್ವಾರ" ಅಂದ್ರು. ಒಂದು ಹಳೇ ಡೈರಿ, ಒಂದು ಕಟ್ಟು ವೋಚರ್ ಪ್ರಿಂಟು ಮುಂದಿಟ್ರು.

ನಾವು ಎಕ್ಸೆಲ್ ತೆಗೆದು ಕೂತ್ವಿ. ಫೇಶಿಯಲ್ ಮತ್ತು ಹೇರ್‌ಕಟ್ ಸೇರಿ ಮಾಮೂಲಿ ರೇಟು 1,200. ಸೈಟಿನಲ್ಲಿ 600. ಅದರಲ್ಲಿ ಸೈಟಿನ ಕಮಿಷನ್ ಶೇ. 30, ಅಂದ್ರೆ ಅತ್ತೆ ಕೈಗೆ 420. ಕ್ರೀಮು, ಪ್ಯಾಕು, ಟವೆಲ್ ಖರ್ಚು 180. ಕೆಲಸದ ಹುಡುಗಿಗೆ 150. ಉಳಿದದ್ದು 90 ರೂಪಾಯಿ, ಅದೂ ಒಂದೂವರೆ ಗಂಟೆಗೆ. ಬಾಡಿಗೆ, ಕರೆಂಟು ಇನ್ನೂ ಕಳೆದೇ ಇಲ್ಲ. ಅದೇ ಪೂರ್ತಿ ದುಡ್ಡು ಕೊಡೋ ಗಿರಾಕಿ ಬಂದ್ರೆ ಉಳಿಯೋದು 870.

ಹಾಗಂತ ತೊಂಬತ್ತು ರೂಪಾಯಿ ನಷ್ಟ ಅಲ್ಲ. ಕುರ್ಚಿ ಹೇಗಿದ್ರೂ ಖಾಲಿ ಇತ್ತು ಅಂದ್ರೆ ಸೊನ್ನೆಗಿಂತ ತೊಂಬತ್ತು ವಾಸಿ. ತೊಂದರೆ ಇದ್ದದ್ದು ಡೈರಿಯ ತಾರೀಖುಗಳಲ್ಲಿ. ಕೂಪನ್ ಹಿಡಿದು ಬಂದವರಲ್ಲಿ ಮುಕ್ಕಾಲು ಪಾಲು ಶನಿವಾರ ಭಾನುವಾರ ಬಂದಿದ್ರು. ಅವತ್ತು ಕುರ್ಚಿಗಳು ಮೊದಲೇ ಭರ್ತಿ. ವರ್ಷಗಳಿಂದ ಬರ್ತಿದ್ದ ಅಕ್ಕಪಕ್ಕದ ರಸ್ತೆಯ ಆಂಟಿಯರು ಕಾದು ಕಾದು ವಾಪಸ್ ಹೋಗಿದ್ರು. ಒಬ್ಬ ಹಳೇ ಗಿರಾಕಿ ವಾಪಸ್ ಹೋದ್ರೆ ಹೆಚ್ಚುಕಮ್ಮಿ ಹತ್ತು ಕೂಪನ್‌ಗಳ ಲಾಭ ಢಮಾರ್. ಆ ಹುಡುಗಿ ಮೂರು ಭಾನುವಾರ ಮಧ್ಯಾಹ್ನದ ಊಟವನ್ನ ಸಾಯಂಕಾಲ ನಾಲ್ಕಕ್ಕೆ ಮಾಡಿದ್ದಳು. ಇನ್ನು ಕೂಪನ್‌ನವರಲ್ಲಿ ಎಷ್ಟು ಜನ ಮತ್ತೆ ಬಂದ್ರು ಅಂತ ಕೇಳಿದ್ವಿ. ಅತ್ತೆ ಎರಡು ಬೆರಳು ತೋರಿಸಿದ್ರು.

ಈ ಗೋಳು ಒಬ್ಬ ಅತ್ತೆಯದಲ್ಲ. ಜೊಮಾಟೊ ಗೋಲ್ಡ್ 2017ರ ಕೊನೆಗೆ ಬಂದಾಗ ಒಂದು ಊಟಕ್ಕೆ ಇನ್ನೊಂದು ಊಟ ಫ್ರೀ ಅಂತ ಎಲ್ಲರೂ ಹಬ್ಬ ಮಾಡಿದ್ರು. 2019ರ ಆಗಸ್ಟ್‌ನಲ್ಲಿ ರೆಸ್ಟೋರೆಂಟ್‌ಗಳೇ ತಿರುಗಿಬಿದ್ದು 'ಲಾಗೌಟ್' ಅಂತ ಚಳವಳಿ ಮಾಡಿದ್ವು. ಗುರುಗ್ರಾಮದಿಂದ ಶುರುವಾಗಿ ಬೆಂಗಳೂರಿಗೂ ಬಂತು. ದೊಡ್ಡ ಹೋಟೆಲ್‌ನವರು ಸಂಘ ಕಟ್ಟಿ ಕೂಗಬಹುದು. ಮೂರು ಕುರ್ಚಿಯ ಪಾರ್ಲರ್ ಯಾರ ಹತ್ರ ಕೂಗುತ್ತೆ?

ಕೌಂಟರ್‌ನ ಈಚೆ ಕಡೆ ಇರೋ ನಮ್ಮ ಕಥೆಯೂ ಅಷ್ಟೇನೂ ಸುಖ ಅಲ್ಲ. ಜೆಪಿ ನಗರದ ಒಂದು ಸಲೂನ್‌ನಲ್ಲಿ ನಾವು ವೋಚರ್ ತೋರಿಸಿದ ಕೂಡಲೇ ರಿಸೆಪ್ಷನ್‌ನವರ ನಗು ಆರಿಹೋಯ್ತು. "ಕೂಪನ್ ಪಾರ್ಟಿ" ಅಂತ ಒಳಗೆ ಕೂಗಿದ್ದು ನಮಗೇ ಕೇಳಿಸ್ತು. ಮುಕ್ಕಾಲು ಗಂಟೆ ಕಾಯಿಸಿ, ಆಮೇಲೆ "ನಿಮ್ಮ ಕೂದಲು ಉದ್ದ ಇದೆ, 300 ಎಕ್ಸ್‌ಟ್ರಾ" ಅಂದ್ರು. ವೋಚರ್‌ನಲ್ಲಿ "ಎನಿ ಲೆಂತ್" ಅಂತ ಬರೆದಿದ್ದನ್ನ ತೋರಿಸಿದ ಮೇಲೆ ಸುಮ್ಮನಾದ್ರು. ಅವತ್ತು ಬರೀ ಸಿಟ್ಟು ಬಂದಿತ್ತು. ಅತ್ತೆಯ ಡೈರಿ ನೋಡಿದ ಮೇಲೆ ಆ ಸಿಟ್ಟಿನ ಪಕ್ಕದಲ್ಲಿ ತೊಂಬತ್ತು ರೂಪಾಯಿಯ ಲೆಕ್ಕವೂ ನೆನಪಾಗುತ್ತೆ.

ಇನ್ನು ಆ ಓಡೋ ಗಡಿಯಾರ. "ಡೀಲ್ ಮುಗಿಯೋಕೆ ಇನ್ನು 9 ನಿಮಿಷ 58 ಸೆಕೆಂಡ್." ಒಂದು ಸೈಟಿನಲ್ಲಿ ನಾವು ಪೇಜ್ ರಿಫ್ರೆಶ್ ಮಾಡಿದ್ವಿ, ಗಡಿಯಾರ ಮತ್ತೆ ಹತ್ತು ನಿಮಿಷಕ್ಕೆ ಬಂತು! ಕೋಡ್ ತೆಗೆದು ನೋಡಿದ್ರೆ ಫಸ್ಟ್ ಇಯರ್ ಮಕ್ಕಳೂ ಬರೆಯಬಹುದಾದ ಕೌಂಟ್‌ಡೌನ್, ಡೀಲಿಗೂ ಅದಕ್ಕೂ ಸಂಬಂಧನೇ ಇಲ್ಲ. ಇಂಥ ಸುಳ್ಳು ಅವಸರಕ್ಕೆ ಹೆಸರೂ ಇದೆ, ತಡೆಯೂ ಇದೆ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಡಾರ್ಕ್ ಪ್ಯಾಟರ್ನ್ ಅಂತ 13 ಬಗೆಯ ಆನ್‌ಲೈನ್ ಮೋಸಗಳನ್ನ ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸೋದು, ಕೇಳದೆ ಕಾರ್ಟ್‌ಗೆ ಏನೋ ಸೇರಿಸೋದು, ಕೊನೇ ಸ್ಕ್ರೀನ್‌ನಲ್ಲಿ ಬೆಲೆ ಏರಿಸೋದು ಎಲ್ಲವೂ ಅದರಲ್ಲಿವೆ. ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಂಬರ್ ಸೇವ್ ಮಾಡ್ಕೊಳ್ಳಿ.

ಹಾಗಾದ್ರೆ ನಾವು ಡೀಲ್ ಬಿಟ್ವಾ? ಇಲ್ಲ. ಬಿಡೋಷ್ಟು ಶ್ರೀಮಂತರು ನಾವಲ್ಲ. ಆದ್ರೆ ಈಗ ಡೀಲ್ ಬಳಸೋ ರೀತಿ ಬೇರೆ. ಕ್ಲಾಸ್ ಇಲ್ಲದ ವಾರದ ಮಧ್ಯಾಹ್ನ ಹೋಗ್ತೀವಿ, ಶನಿವಾರ ಭಾನುವಾರ ಅಲ್ಲ. ಮೊದಲು ಅಂಗಡಿಗೆ ಫೋನ್ ಮಾಡಿ, "ಅಣ್ಣಾ, ಸ್ಟೂಡೆಂಟ್ಸ್ ನಾವು, ನೇರವಾಗಿ ಬಂದ್ರೆ ಎಷ್ಟಕ್ಕೆ ಮಾಡ್ಕೊಡ್ತೀರ?" ಅಂತ ಕೇಳ್ತೀವಿ. ಕನ್ನಡದಲ್ಲಿ ಕೇಳಿದ್ರೆ ಅರ್ಧ ಕೆಲಸ ಆದ ಹಾಗೆ. ಸೈಟಿನಲ್ಲಿ ಹೊಡೆದು ಹಾಕಿರೋ "ಮೂಲ ಬೆಲೆ" ನಿಜನಾ ಅಂತ ಅಂಗಡಿಯ ರೇಟ್ ಕಾರ್ಡ್ ಕೇಳಿ ನೋಡ್ತೀವಿ. ವರ್ಷದ ಜಿಮ್ ಮೆಂಬರ್‌ಶಿಪ್ ಎಷ್ಟೇ ಅಗ್ಗ ಇದ್ರೂ ಒಂದೇ ಸಲ ದುಡ್ಡು ಕಟ್ಟಲ್ಲ, ಪರೀಕ್ಷೆ ತಿಂಗಳಲ್ಲಿ ಯಾರು ಡಂಬೆಲ್ ಎತ್ತುತ್ತಾರೆ? ಇನ್ನು ದರ್ಶಿನಿಯಲ್ಲಿ ಆಫರ್ ಕೇಳೋ ಗೋಜಿಗೇ ಹೋಗಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ ಈ ನಿಂತು ತಿನ್ನೋ ಪದ್ಧತಿಯಲ್ಲಿ ಕುರ್ಚಿನೇ ಇಲ್ಲ, ಖಾಲಿ ಕುರ್ಚಿ ಎಲ್ಲಿಂದ ಬರಬೇಕು!

ಅತ್ತೆ ದೀಪಾವಳಿಗೆ ಸೈಟ್ ಸೇರಲಿಲ್ಲ. ಅದರ ಬದಲು ಮಂಗಳವಾರದಿಂದ ಗುರುವಾರ ತನಕ, ಹನ್ನೊಂದರಿಂದ ಮೂರು ಗಂಟೆ, ಕಾಲೇಜ್ ಐಡಿ ತೋರಿಸಿದ್ರೆ 700 ರೂಪಾಯಿ ಅಂತ ನಾವೇ ಕನ್ನಡದಲ್ಲಿ ಬೋರ್ಡ್ ಬರೆದುಕೊಟ್ವಿ. ಲೆಕ್ಕ ನೋಡಿ: ಸೈಟಿಗಿಂತ ನಾವು ಕೊಡೋದು ನೂರು ಜಾಸ್ತಿ, ಅತ್ತೆಗೆ ಉಳಿಯೋದು ಇನ್ನೂರ ಎಂಬತ್ತು ಜಾಸ್ತಿ. ಕುರ್ಚಿಗಳು ಪೂರ್ತಿ ತುಂಬುತ್ವೆ ಅಂತ ಹೇಳಲ್ಲ. ಕೆಲವು ಮಂಗಳವಾರ ಒಂದೂ ತುಂಬಲ್ಲ, ಅತ್ತೆ ಕೂತು ಸೀರಿಯಲ್ ನೋಡ್ತಾರೆ. ಆದ್ರೆ ಭಾನುವಾರ ಆ ಹುಡುಗಿ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳೆ.

ನಮ್ಮ ಅಜ್ಜಿಯರಿಗೆ ಡಿಸ್ಕೌಂಟ್ ಅನ್ನೋ ಪದ ಗೊತ್ತಿರಲಿಲ್ಲ, ಕೊಸರು ಅನ್ನೋದು ಗೊತ್ತಿತ್ತು. ಹೂವಿನವಳು ಮೊಳ ಅಳೆದ ಮೇಲೆ ಇನ್ನೊಂದು ಗೇಣು ಬಿಟ್ಟು ಕತ್ತರಿಸ್ತಾಳಲ್ಲ, ಸೊಪ್ಪಿನವರು ಕಟ್ಟಿನ ಮೇಲೆ ನಾಲ್ಕು ಎಸಳು ಕರಿಬೇವು ಇಡ್ತಾರಲ್ಲ, ಅದು ಕೊಸರು. ಕೇಳೋ ಹಕ್ಕು ನಮ್ಮದು, ಎಷ್ಟು ಕೊಡಬೇಕು ಅನ್ನೋದು ಅವರ ಮನಸ್ಸು. ಇಬ್ಬರಿಗೂ ಇನ್ನೊಬ್ಬರ ಮುಖ ಗೊತ್ತಿರುತ್ತೆ. ಮುಂದಿನ ಸಲ ಕೂಪನ್ ಕೋಡ್ ಹಾಕೋ ಮುಂಚೆ ಒಂದು ಫೋನ್ ಮಾಡಿ, ಕೊಸರು ಕೇಳಿ ನೋಡಿ. ಸಿಗದಿದ್ರೆ ಆ್ಯಪ್ ಎಲ್ಲೂ ಓಡಿಹೋಗಲ್ಲ, ಗಡಿಯಾರ ಎಷ್ಟೇ ಓಡಲಿ.